ಚದುರದ ಅಲೆ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ ತುಂಗಭದ್ರೆಯ ಹಿನ್ನೀರಿನ ದಂಡೆಗೆ ಹೋದ ಯಾವ ಹುಡುಗನೂ ಒಂದು ಕಲ್ಲನ್ನಾದರೂ ನೀರಿಗೆ ಎಸೆಯದೆ ಹಿಂದಿರುಗುವುದಿಲ್ಲ. ಕಲ್ಲು ಬಿದ್ದಲ್ಲಿ ಎದ್ದ ಉಂಗುರ ಅಗಲವಾಗುತ್ತ, ತೆಳುವಾಗುತ್ತ, ಹತ್ತು ಹದಿನೈದು ಮಾರು ಹೋಗುವಷ್ಟರಲ್ಲಿ ಇಲ್ಲವಾಗುತ್ತದೆ. ಹುಟ್ಟಿದ ಅಲೆ ಹರಡಲೇಬೇಕು, ಹರಡಿದ ಅಲೆ ಅಳಿಯಲೇಬೇಕು. ಪಠ್ಯಪುಸ್ತಕ ಓದದವರಿಗೂ ಇದು ತಿಳಿದ ಸಂಗತಿ.

ಈ ಮಾತಿಗೆ ಒಪ್ಪದ ಒಂದು ಅಲೆಯನ್ನು 1834ರ ಆಗಸ್ಟ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಜಾನ್ ಸ್ಕಾಟ್ ರಸೆಲ್ ಎಂಬ ಇಪ್ಪತ್ತಾರರ ಎಂಜಿನಿಯರ್ ಕಂಡ. ಎಡಿನ್‌ಬರೋ ಸಮೀಪದ ಯೂನಿಯನ್ ಕಾಲುವೆಯಲ್ಲಿ ಜೋಡಿ ಕುದುರೆಗಳು ಎಳೆಯುತ್ತಿದ್ದ ದೋಣಿಯೊಂದು ಥಟ್ಟನೆ ನಿಂತಿತು. ದೋಣಿಯೊಡನೆ ಸಾಗುತ್ತಿದ್ದ ನೀರು ಮಾತ್ರ ನಿಲ್ಲಲಿಲ್ಲ. ಅದು ದೋಣಿಯ ಮೂತಿಯ ಬಳಿ ಒಟ್ಟುಗೂಡಿ, ಒಂದೇ ಒಂದು ನುಣುಪಾದ ದಿಬ್ಬವಾಗಿ ಎದ್ದು ಮುಂದಕ್ಕೆ ಹೊರಟಿತು. ಉದ್ದ ಸುಮಾರು ಒಂಬತ್ತು ಮೀಟರ್, ಎತ್ತರ ಒಂದು ಒಂದೂವರೆ ಅಡಿ, ವೇಗ ಗಂಟೆಗೆ ಹದಿಮೂರು ಹದಿನಾಲ್ಕು ಕಿಲೋಮೀಟರ್. ರಸೆಲ್ ಕುದುರೆ ಏರಿ ಅದರ ಬೆನ್ನು ಹತ್ತಿದ. ಒಂದೆರಡು ಮೈಲಿ ಹೋದರೂ ಅಲೆಯ ಆಕಾರ ಹೆಚ್ಚುಕಡಿಮೆ ಹಾಗೆಯೇ ಇತ್ತು. ಕೊನೆಗೆ ಕಾಲುವೆಯ ತಿರುವುಗಳಲ್ಲಿ ಅದು ಕಣ್ಮರೆಯಾಯಿತು.

ಆತ ಮನೆಯಲ್ಲಿ ತೊಟ್ಟಿ ಕಟ್ಟಿಸಿ ಪ್ರಯೋಗ ಮಾಡಿದ, 1844ರಲ್ಲಿ ವರದಿ ಪ್ರಕಟಿಸಿದ. ಏರಿ, ಸ್ಟೋಕ್ಸ್ ಅವರಂಥ ಆ ಕಾಲದ ಗಣಿತದ ದಿಗ್ಗಜರು ಅನುಮಾನಪಟ್ಟರು. ಅವರು ಬಲ್ಲ ಸಮೀಕರಣಗಳಲ್ಲಿ ಇಂಥ ಅಲೆಗೆ ಜಾಗವಿರಲಿಲ್ಲ. ರಸೆಲ್ 1882ರಲ್ಲಿ ತೀರಿಕೊಂಡ. ಹದಿಮೂರು ವರ್ಷಗಳ ನಂತರ, 1895ರಲ್ಲಿ, ಹಾಲೆಂಡಿನ ಕೋರ್ಟೆವೆಗ್ ಮತ್ತು ಡಿ ವ್ರೀಸ್ ಆ ಅಲೆಗೆ ತಕ್ಕ ಸಮೀಕರಣ ಬರೆದರು. ಕಣ್ಣಿಗೆ ಕಂಡದ್ದು ಸಮೀಕರಣಕ್ಕೆ ಹೊಂದದಿದ್ದರೆ ಕಣ್ಣನ್ನು ಅನುಮಾನಿಸಬೇಕೋ ಸಮೀಕರಣವನ್ನೋ? ರಸೆಲ್‌ನ ವಿಷಯದಲ್ಲಿ ತಪ್ಪಿದ್ದು ಕಣ್ಣಲ್ಲ. 1995ರ ಜುಲೈಯಲ್ಲಿ ವಿಜ್ಞಾನಿಗಳು ಅದೇ ಕಾಲುವೆಯಲ್ಲಿ ಸೇರಿ, ದೋಣಿಯ ಸಹಾಯದಿಂದ ಅಂಥದೇ ಅಲೆಯನ್ನು ಮತ್ತೆ ಎಬ್ಬಿಸಿ ತೋರಿಸಿದರು.

ಜಾತ್ರೆಗೆ ಹೊರಟ ಗುಂಪು

ಅಲೆ ಏಕೆ ಹರಡುತ್ತದೆ? ಕೊಟ್ಟೂರಿನ ಗುರು ಬಸವೇಶ್ವರನ ತೇರಿಗೆ ಪಾದಯಾತ್ರೆ ಹೊರಟವರನ್ನು ನೋಡಿದವರಿಗೆ ಇದರ ಉತ್ತರ ಅರ್ಧ ಗೊತ್ತಿದ್ದಂತೆಯೇ. ನೂರು ಜನ ಒಂದೇ ಹೊತ್ತಿಗೆ ಊರು ಬಿಡುತ್ತಾರೆ. ಹರೆಯದವರು ಬಿರುಸು, ಮಕ್ಕಳನ್ನು ಎತ್ತಿಕೊಂಡವರು ನಿಧಾನ. ಮೊದಲ ಊರು ದಾಟುವಷ್ಟರಲ್ಲಿ ಗುಂಪು ಗುಂಪಾಗಿ ಉಳಿದಿರುವುದಿಲ್ಲ, ಮೈಲುದ್ದದ ಸಾಲಾಗಿರುತ್ತದೆ. ಒಂದು ಅಲೆಯೂ ಇಂಥದೊಂದು ಗುಂಪೇ. ಬೇರೆ ಬೇರೆ ಉದ್ದದ ಅನೇಕ ಸಣ್ಣ ಅಲೆಗಳು ಕೂಡಿ ಅದು ಆಗಿರುತ್ತದೆ, ಅವುಗಳ ವೇಗ ಒಂದೇ ಅಲ್ಲ. ಆದ್ದರಿಂದ ಅದು ಚದುರುತ್ತದೆ.

ಈಗ ಆ ಗುಂಪಿನ ನಡುವೆ ಸಮಾಳದವರನ್ನು, ನಂದಿಕೋಲು ಹೊತ್ತವರನ್ನು ಸೇರಿಸಿ. ಮುಂದೆ ಹೋದವರು ಬಾರಿಸುವುದನ್ನು ಕೇಳಲು ತಡೆದು ನಿಲ್ಲುತ್ತಾರೆ, ಹಿಂದೆ ಬಿದ್ದವರು ಅದನ್ನೇ ಕೇಳಿ ಹೆಜ್ಜೆ ಚುರುಕು ಮಾಡುತ್ತಾರೆ. ಜನ ಹೆಚ್ಚು ಸೇರಿದಷ್ಟೂ ಬಾರಿಸುವವರ ಹುರುಪು ಹೆಚ್ಚು, ಹುರುಪು ಹೆಚ್ಚಿದಷ್ಟೂ ಸೆಳೆತ ಹೆಚ್ಚು. ಎಲ್ಲರೂ ತಮ್ಮ ಪಾಡಿಗೆ ತಾವು ನಡೆಯುವಾಗ ಒಬ್ಬನ ನಡಿಗೆಗೂ ಗುಂಪಿನ ಗಾತ್ರಕ್ಕೂ ಸಂಬಂಧವಿರಲಿಲ್ಲ. ಈಗ ಗುಂಪಿನ ಗಾತ್ರವೇ ನಡಿಗೆಯನ್ನು ತಿದ್ದುತ್ತದೆ. ಭೌತವಿಜ್ಞಾನದಲ್ಲಿ ಇದಕ್ಕೆ ಅರೇಖೀಯತೆ ಎನ್ನುತ್ತಾರೆ. ಪರಿಣಾಮವು ಕಾರಣದ ಸರಳ ಅನುಪಾತದಲ್ಲಿ ಇರುವುದಿಲ್ಲ ಎಂದು ಅರ್ಥ. ಚದುರಿಸುವ ಗುಣ ಮತ್ತು ಸೆಳೆಯುವ ಗುಣ ಸರಿಸಮವಾದಾಗ ಗುಂಪು ಚದುರದೆ ಸಾಗುತ್ತದೆ. ರಸೆಲ್ ಕಂಡ ಅಲೆಯ ಗುಟ್ಟು ಇಷ್ಟೇ. 1965ರಲ್ಲಿ ಅಮೆರಿಕದ ಝಾಬುಸ್ಕಿ ಮತ್ತು ಕ್ರುಸ್ಕಲ್ ಇಂಥ ಅಲೆಗೆ 'ಸಾಲಿಟನ್' ಎಂದು ಹೆಸರಿಟ್ಟರು.

ಆ ಹೆಸರಿನ ಹಿಂದೆಯೂ ಒಂದು ಕಥೆಯಿದೆ. ಲಾಸ್ ಅಲಮೋಸ್‌ನಲ್ಲಿ ಮೇನಿಯಾಕ್ ಎಂಬ ಆರಂಭಕಾಲದ ಗಣಕಯಂತ್ರವಿತ್ತು. ಫರ್ಮಿ, ಪಾಸ್ತಾ ಮತ್ತು ಉಲಾಮ್ ಅದರೊಳಗೆ ಸ್ಪ್ರಿಂಗುಗಳಿಂದ ಜೋಡಿಸಿದ ಗುಂಡುಗಳ ಒಂದು ಸರವನ್ನು ಲೆಕ್ಕದ ರೂಪದಲ್ಲಿ ಕಟ್ಟಿದರು. ಸ್ಪ್ರಿಂಗು ಕೊಂಚ ಅರೇಖೀಯ. ಒಂದು ಬಗೆಯ ಕಂಪನ ಕೊಟ್ಟರೆ ಶಕ್ತಿಯು ಕ್ರಮೇಣ ಎಲ್ಲ ಬಗೆಯ ಕಂಪನಗಳಿಗೂ ಹಂಚಿಹೋಗಬೇಕು ಎಂಬುದು ಅವರ ನಿರೀಕ್ಷೆ. ಹಂಚಿಹೋದ ಶಕ್ತಿ ಸ್ವಲ್ಪ ಹೊತ್ತಿನ ಮೇಲೆ ಹೆಚ್ಚುಕಡಿಮೆ ಪೂರ್ತಿಯಾಗಿ ಮೊದಲ ಕಂಪನಕ್ಕೇ ಮರಳಿತು! 1955ರ ಆ ವರದಿ ಮೂವರ ಹೆಸರಿನಲ್ಲಿ ಪ್ರಸಿದ್ಧವಾಯಿತು. ಆದರೆ ಯಂತ್ರಕ್ಕೆ ಆ ಲೆಕ್ಕವನ್ನು ಬರೆದುಕೊಟ್ಟವರು ಮೇರಿ ಸಿಂಗೂ ಎಂಬ ಮಹಿಳೆ. 2008ರ ನಂತರವಷ್ಟೇ ನಾಲ್ಕನೆಯ ಹೆಸರಾಗಿ ಅವರ ಹೆಸರನ್ನೂ ಸೇರಿಸಿ ಹೇಳುವ ರೂಢಿ ಬೆಳೆಯುತ್ತ ಬಂದಿದೆ. ತಡವಾಯಿತು ಎನ್ನದೆ ವಿಧಿಯಿಲ್ಲ.

ಸಾಲುಗಳ ನಾಡು, ಸಾಲುಗಳ ವಿಜ್ಞಾನ

ಕಾಲುವೆಯ ನೀರು ಎಲ್ಲ ಕಡೆಯೂ ಒಂದೇ ತೆರ. ಅಲೆ ಸಾಗುವ ದಾರಿಯೇ ಸಮಾನ ಅಂತರದ ಸಾಲುಗಳಿಂದ ಕೂಡಿದ್ದರೆ? ಇಂದು ವಿಜಯನಗರ ಜಿಲ್ಲೆಯಲ್ಲಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಸಾಲುಗಳಿಗೆ ಬರವಿಲ್ಲ. ಕೂರಿಗೆಯಿಂದ ಬಿತ್ತಿದ ಶೇಂಗಾ ಮತ್ತು ಜೋಳದ ಹೊಲ, ಹೊಸಪೇಟೆಯಿಂದ ಕೊಟ್ಟೂರು ಹಾದು ಹರಿಹರಕ್ಕೆ ಹೋಗುವ ರೈಲುಹಳಿಯ ಸ್ಲೀಪರುಗಳು, ಹಡಗಲಿಯ ಮಲ್ಲಿಗೆಯ ಮಾಲೆ, ಎಲ್ಲವೂ ಒಂದೇ ಅಂತರದಲ್ಲಿ ಮರುಕಳಿಸುವ ರಚನೆಗಳು. ಇಂಥ ಮಾಧ್ಯಮಕ್ಕೆ ಆವರ್ತಕ ಮಾಧ್ಯಮ ಎಂದು ಹೆಸರು. ಇಂಥ ದಾರಿಯಲ್ಲಿ ಬೆಳಕು ಹೇಗೆ ನಡೆದುಕೊಳ್ಳುತ್ತದೆ ಎಂಬ ಪ್ರಶ್ನೆಯ ಮೇಲೆ ಬಹು ಮುಖ್ಯವಾದ ಕೆಲಸ ನಡೆದದ್ದು ಕರ್ನಾಟಕದಲ್ಲೇ.

ಸರ್ ಸಿ. ವಿ. ರಾಮನ್ ಅವರು 1933ರಲ್ಲಿ ಕಲ್ಕತ್ತೆಯಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅದಕ್ಕೆ ಒಂದು ವರ್ಷ ಮೊದಲು, 1932ರಲ್ಲಿ, ಅಮೆರಿಕದಲ್ಲಿ ಡಿಬೈ ಮತ್ತು ಸಿಯರ್ಸ್, ಫ್ರಾನ್ಸಿನಲ್ಲಿ ಲೂಕಾ ಮತ್ತು ಬಿಕಾರ್ ಒಂದು ಸೋಜಿಗ ಕಂಡಿದ್ದರು. ದ್ರವದಲ್ಲಿ ಕಿವಿಗೆ ಕೇಳದಷ್ಟು ಹೆಚ್ಚಿನ ಆವರ್ತಾಂಕದ ಶಬ್ದವನ್ನು ಹರಿಸಿ ಅಡ್ಡಲಾಗಿ ಬೆಳಕು ಬಿಟ್ಟರೆ, ಆಚೆಯ ತೆರೆಯ ಮೇಲೆ ಒಂದು ಗೆರೆಯ ಬದಲು ಇಕ್ಕೆಲಗಳಲ್ಲಿ ಗೆರೆಗಳ ಸಾಲೇ ಮೂಡುತ್ತಿತ್ತು. ಏಕೆ ಅಷ್ಟೊಂದು ಗೆರೆ, ಕೆಲವು ಏಕೆ ಮಂಕು, ಕೆಲವು ಏಕೆ ಪ್ರಖರ ಎಂಬುದು ತಿಳಿದಿರಲಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಬಹುದು. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಆವರ್ತಾಂಕ ಒಂದು ಕೋಟಿಯಾದರೆ ಶಬ್ದದ ತರಂಗದೂರ 0.15 ಮಿಲಿಮೀಟರ್. ಅಂದರೆ ನೀರಿನಲ್ಲಿ ಅಷ್ಟಷ್ಟು ಅಂತರಕ್ಕೆ ದಟ್ಟ ಪದರ, ವಿರಳ ಪದರ, ಮತ್ತೆ ದಟ್ಟ ಪದರ ಮರುಕಳಿಸುತ್ತವೆ. ಒಂದು ಸೆಂಟಿಮೀಟರ್ ನೀರನ್ನು ಬೆಳಕು ದಾಟುವ ಅವಧಿಯಲ್ಲಿ ಈ ಪದರಗಳು ಸರಿಯುವುದು ಒಂದು ಮಿಲಿಮೀಟರಿನ ಹದಿನೈದು ಸಾವಿರದಲ್ಲಿ ಒಂದು ಭಾಗದಷ್ಟು ಮಾತ್ರ. ಆದ್ದರಿಂದ ಬೆಳಕಿನ ಪಾಲಿಗೆ ಅದು ನಿಂತ ಸಾಲೇ, ಉತ್ತ ಹೊಲದ ಹಾಗೆ.

ರಾಮನ್ ಮತ್ತು ಅವರ ಕಿರಿಯ ಸಹೋದ್ಯೋಗಿ ಎನ್. ಎಸ್. ನಾಗೇಂದ್ರನಾಥ್ 1935-36ರಲ್ಲಿ ಈ ಒಗಟನ್ನು ಬಿಡಿಸಿದರು. ರಾಮನ್ ಅವರೇ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅವರ ಲೇಖನಗಳು ಒಂದರ ಹಿಂದೊಂದು ಬಂದವು. ಅವರ ವಿಚಾರ ಬಹಳ ಸರಳ. ದ್ರವವನ್ನು ದಾಟುವ ಬೆಳಕು ಎಲ್ಲಿಯೂ ಕಪ್ಪಾಗುವುದಿಲ್ಲ. ದಟ್ಟ ಪದರದಲ್ಲಿ ಹೋದ ಭಾಗ ಸ್ವಲ್ಪ ಹಿಂದೆ ಬೀಳುತ್ತದೆ, ವಿರಳ ಪದರದಲ್ಲಿ ಹೋದದ್ದು ಸ್ವಲ್ಪ ಮುಂದೆ. ಸಪಾಟಾಗಿ ಒಳಹೊಕ್ಕ ಬೆಳಕಿನ ಮುಖ ಸೀರೆಯ ನಿರಿಗೆಯಂತೆ ಮಡಿಕೆ ಮಡಿಕೆಯಾಗಿ ಹೊರಬರುತ್ತದೆ. ಆ ನಿರಿಗೆ ಎಷ್ಟು ಆಳ ಎಂಬುದರಿಂದ ಪ್ರತಿ ಗೆರೆಯ ಪ್ರಖರತೆಯನ್ನೂ ಲೆಕ್ಕ ಹಾಕಬಹುದು. ಲೆಕ್ಕ ಪ್ರಯೋಗಕ್ಕೆ ಸರಿಯಾಗಿ ಹೊಂದಿತು. 'ರಾಮನ್-ನಾಥ್ ವಿವರ್ತನೆ' ಎಂಬ ಹೆಸರು ಇಂದಿಗೂ ಭೌತವಿಜ್ಞಾನ ಗ್ರಂಥಗಳಲ್ಲಿದೆ. ರಾಮನ್ ಪರಿಣಾಮ ಗೊತ್ತಿರುವ ಮಕ್ಕಳಲ್ಲಿ ಎಷ್ಟು ಮಂದಿಗೆ ನಾಗೇಂದ್ರನಾಥರ ಹೆಸರು ಗೊತ್ತಿದೆಯೋ!

ರಾಮನ್ ಅವರಿಗೆ ಸಾಲುಗಳ ಹುಚ್ಚು ಬಿಡಲಿಲ್ಲ. ಮುತ್ತಿನ ಚಿಪ್ಪು, ಹಕ್ಕಿಯ ಗರಿ, ಓಪಲ್ ಹರಳು ಹೀಗೆ ಬಣ್ಣ ಬೀರುವ ವಸ್ತುಗಳನ್ನೆಲ್ಲ ಕೂಡಿಟ್ಟು ಪರೀಕ್ಷಿಸಿದರು. ಅವರು 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಆ ಸಂಗ್ರಹವಿದೆ. 1950ರ ದಶಕದ ಆರಂಭದಲ್ಲಿ ಅವರೂ ಡಿ. ಕೃಷ್ಣಮೂರ್ತಿಯವರೂ ಪೊಟ್ಯಾಸಿಯಂ ಕ್ಲೋರೇಟಿನ ಹೊಳೆಯುವ ಹರಳುಗಳನ್ನು ಅಭ್ಯಾಸ ಮಾಡಿದರು. ಶಾಲೆಯ ಪ್ರಯೋಗಶಾಲೆಯಲ್ಲಿ ಆಮ್ಲಜನಕ ತಯಾರಿಸಲು ಬಳಸುತ್ತಿದ್ದ ಅದೇ ಬಿಳಿಯ ಲವಣ. (ಮಕ್ಕಳು ಇದನ್ನು ಮನೆಯಲ್ಲಿ ಮುಟ್ಟಬಾರದು, ಗಂಧಕ, ಸಕ್ಕರೆಗಳೊಡನೆ ಸೇರಿದರೆ ಸಿಡಿಯುತ್ತದೆ.) ಲವಣಕ್ಕೆ ಬಣ್ಣವಿಲ್ಲ. ಆದರೂ ಕೆಲವು ಹರಳುಗಳು ಅಚ್ಚ ಹಸಿರು, ಅಚ್ಚ ಕೆಂಪು ಬೆಳಕನ್ನು ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತವೆ. ಹರಳಿನೊಳಗೆ ಸಮಾನ ಅಂತರದಲ್ಲಿ ಮರುಕಳಿಸುವ ಪದರಗಳಿರುವುದೇ ಕಾರಣ. ಒಂದೊಂದು ಪದರವೂ ಬೆಳಕಿನ ಅತ್ಯಲ್ಪ ಪಾಲನ್ನು ಹಿಂದಿರುಗಿಸುತ್ತದೆ. ಪದರಗಳ ಅಂತರಕ್ಕೆ ಸರಿಹೊಂದುವ ಒಂದು ಬಣ್ಣದ ಮಟ್ಟಿಗೆ ಮಾತ್ರ ಈ ಪಾಲುಗಳೆಲ್ಲ ಹೆಜ್ಜೆಗೆ ಹೆಜ್ಜೆ ಕೂಡಿಸಿ ಒಂದಾಗುತ್ತವೆ. ಆ ಬಣ್ಣಕ್ಕೆ ಹರಳಿನೊಳಗೆ ಪ್ರವೇಶವಿಲ್ಲ. ಕೂಡ್ಲಿಗಿಯ ಗುಡ್ಡಗಳಲ್ಲಿ ಕುಣಿಯುವ ನವಿಲಿನ ಗರಿಯಲ್ಲೂ ಇಂಥದೇ ಸೂಕ್ಷ್ಮ ಜಾಲವಿದೆ ಎಂದು 2003ರಲ್ಲಿ ಚೀನಾದ ವಿಜ್ಞಾನಿಗಳು ವಿವರವಾಗಿ ತೋರಿಸಿದರು.

ಹೀಗೆ ಪ್ರವೇಶ ನಿಷೇಧಿಸಲಾದ ಬಣ್ಣಗಳ ಪಟ್ಟಿಗೆ 'ಗ್ಯಾಪ್' ಎನ್ನುತ್ತಾರೆ. ನಿಷೇಧವಿದ್ದಲ್ಲಿ ಉಪಾಯವೂ ಇರುತ್ತದಲ್ಲವೆ? ಬಹಳ ಪ್ರಖರವಾದ ಬೆಳಕು ತಾನು ಹೋಗುವ ಗಾಜಿನ ವಕ್ರೀಭವನ ಸೂಚ್ಯಂಕವನ್ನೇ ಕೊಂಚ ಬದಲಿಸುತ್ತದೆ. ಸೂಚ್ಯಂಕ ಬದಲಾದರೆ ನಿಷೇಧದ ಪಟ್ಟಿಯೂ ಸ್ವಲ್ಪ ಸರಿಯುತ್ತದೆ. ಆಗ ಬೆಳಕಿನ ತುಣುಕು ತನ್ನ ಬಾಗಿಲನ್ನು ತಾನೇ ತೆರೆದುಕೊಂಡು ಒಳಗೆ ನಡೆಯಬಲ್ಲದು. ಅದು ಹೋದ ಮೇಲೆ ಬಾಗಿಲು ಮತ್ತೆ ಮುಚ್ಚುತ್ತದೆ. 1987ರಲ್ಲಿ ಚೆನ್ ಮತ್ತು ಮಿಲ್ಸ್ ಇದಕ್ಕೆ 'ಗ್ಯಾಪ್ ಸಾಲಿಟನ್' ಎಂದು ಹೆಸರಿಟ್ಟರು. 1996ರಲ್ಲಿ ಎಗ್ಲ್‌ಟನ್ ಮತ್ತು ಸಂಗಡಿಗರು ಪದರ ಪದರವಾಗಿ ಕೊರೆದ ಆಪ್ಟಿಕಲ್ ಫೈಬರಿನಲ್ಲಿ, ನಿಷೇಧದ ಪಟ್ಟಿಯ ಅಂಚಿನಲ್ಲಿ, ಚದುರದ ಬೆಳಕಿನ ತುಣುಕನ್ನು ಹರಿಸಿ ತೋರಿಸಿದರು.

ಇದ್ದರಾಯಿತೆ, ನಿಲ್ಲಬೇಡವೆ?

ಸಮೀಕರಣ ಬಿಡಿಸಿದಾಗ ಚದುರದ ಅಲೆ ಉತ್ತರವಾಗಿ ಬಂದಿತೆಂದರೆ ಕೆಲಸ ಮುಗಿಯಿತೆ? ಇಲ್ಲ. ಪೆನ್ಸಿಲನ್ನು ಮೊನೆಯ ಮೇಲೆ ನಿಲ್ಲಿಸಬಹುದು ಎಂದೂ ಸಮೀಕರಣ ಹೇಳುತ್ತದೆ. ನಿಲ್ಲಿಸಿದವರಿಲ್ಲ. ಒಂದು ಸ್ಥಿತಿ ಇರುವುದು ಬೇರೆ, ಸಣ್ಣ ಕುಲುಕಾಟವನ್ನು ತಡೆದುಕೊಂಡು ಉಳಿಯುವುದು ಬೇರೆ. 2017ರಲ್ಲಿ ಕೊಟ್ಟೂರಿನ ರಥ ಎಳೆಯುತ್ತಿದ್ದಾಗಲೇ ಉರುಳಿದ್ದನ್ನು ಈ ಸೀಮೆಯ ಜನ ಮರೆತಿಲ್ಲ. ಅವರಿಗೆ ಈ ವ್ಯತ್ಯಾಸವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲೆಯ ವಿಷಯದಲ್ಲೂ ನಿಜವಾದ ಪ್ರಶ್ನೆ ಸ್ಥಿರತೆಯದು. ಸ್ಥಿರವಲ್ಲದ ಅಲೆಯನ್ನು ಪ್ರಯೋಗಶಾಲೆಯಲ್ಲಿ ಕಾಣಲಾಗದು, ಕೆಲಸಕ್ಕೆ ಹಚ್ಚಲೂ ಆಗದು.

ಸಾಲು ಸಾಲಾದ ಬೆಳಕಿನ ಕಾಲುವೆಗಳನ್ನು ಊಹಿಸಿಕೊಳ್ಳಿ. ಹೊಲದ ಸಾಲುಗಳಂತೆ ಒಂದರ ಪಕ್ಕ ಒಂದು, ಪ್ರತಿಯೊಂದೂ ಕೂದಲೆಳೆಗಿಂತ ಸಣ್ಣದು. ನಡುವಿನ ಒಂದು ಸಾಲಿಗೆ ಮಂದ ಬೆಳಕು ಬಿಟ್ಟರೆ ಅದು ಪಕ್ಕದ ಸಾಲಿಗೆ, ಅಲ್ಲಿಂದ ಅದರ ಪಕ್ಕಕ್ಕೆ ಜಿನುಗುತ್ತ ಎಲ್ಲ ಕಡೆ ಹರಡಿಹೋಗುತ್ತದೆ. ಬೆಳಕು ಪ್ರಖರವಾದರೆ ತಾನಿರುವ ಸಾಲನ್ನೇ ಬದಲಿಸಿ, ನೆರೆಯ ಸಾಲುಗಳಿಗೆ ಹೊಂದದಂತೆ ಮಾಡಿಕೊಂಡು, ತನ್ನ ಜಾಗದಲ್ಲೇ ಉಳಿಯುತ್ತದೆ. ಕ್ರಿಸ್ಟೊಡೊಲಿಡಿಸ್ ಮತ್ತು ಜೋಸೆಫ್ 1988ರಲ್ಲಿ ಹೀಗಾಗಬೇಕೆಂದು ಹೇಳಿದರು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಸಿಲ್ಬರ್‌ಬರ್ಗ್ ಮತ್ತು ಸಂಗಡಿಗರು 1998ರಲ್ಲಿ ಹೀಗಾಗುವುದನ್ನು ಕಂಡರು.

ಈ ಅಲೆ ಎರಡು ಕಡೆ ಕೂಡಬಹುದು. ಅದರ ನೆತ್ತಿ ಒಂದು ಸಾಲಿನ ನಟ್ಟನಡುವೆ ಇರಬಹುದು, ಇಲ್ಲವೆ ಎರಡು ಸಾಲುಗಳ ನಡುವಣ ದಿಂಡಿನ ಮೇಲೆ ಇರಬಹುದು. ಸಮೀಕರಣಕ್ಕೆ ಎರಡೂ ಸರಿಯೇ. ಉತ್ತ ಹೊಲದಲ್ಲಿ ಒಂದು ಗೋಲಿಯನ್ನು ಇಟ್ಟು ನೋಡಿ: ಸಾಲಿನ ತಳದಲ್ಲಿಟ್ಟ ಗೋಲಿ ಅಲುಗಿಸಿದರೂ ಅಲ್ಲೇ ಬಂದು ಕೂರುತ್ತದೆ, ದಿಂಡಿನ ನೆತ್ತಿಯ ಮೇಲಿಟ್ಟದ್ದು ಉಸಿರು ತಾಕಿದರೆ ಉರುಳುತ್ತದೆ. ಬೆಳಕಿನ ಅಲೆಯೂ ಹಾಗೆಯೇ. ಸಾಲಿನ ನಡುವಿನದು ಸ್ಥಿರ, ದಿಂಡಿನ ಮೇಲಿನದು ಅಸ್ಥಿರ. ಒಂದು ಸಾಲಿನಿಂದ ಇನ್ನೊಂದಕ್ಕೆ ಸರಿಯಬೇಕಾದರೆ ಅಲೆ ಆ ದಿಂಡನ್ನು ಹತ್ತಿ ಇಳಿಯಬೇಕು. ಈ ತಡೆಗೆ ಪೈಯರ್ಲ್ಸ್-ನಬಾರೊ ತಡೆ ಎಂದು ಹೆಸರು. ಅಲೆ ಬಲವಾದಷ್ಟೂ ಈ ದಿಂಡೂ ಎತ್ತರವಾಗುವುದರಿಂದ ಬಹು ಬಲವಾದ ಅಲೆ ಕದಲದೆ ಒಂದೇ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಎಲ್ಲ ಅಸ್ಥಿರತೆಯೂ ಗೋಲಿಯಂತೆ ಉರುಳುವುದಲ್ಲ. ಕೆಲವು ಜೋಕಾಲಿಯ ಜಾತಿಯವು. ಮೊದಲು ಕಾಣದಷ್ಟು ಸಣ್ಣ ತೂಗು, ಪ್ರತಿ ಸುತ್ತಿಗೂ ಅದಕ್ಕೆ ಒಂದಿಷ್ಟು ಸೇರಿ, ಕೊನೆಗೆ ಹಲಗೆ ತಲೆಕೆಳಗಾಗುವಷ್ಟು ಏರುತ್ತದೆ. ರಷ್ಯಾದ ವಖಿಟೋವ್ ಮತ್ತು ಕೊಲೊಕೊಲೋವ್ 1973ರಲ್ಲಿ ಸ್ಥಿರತೆಗೆ ಒಂದು ಸುಲಭ ಪರೀಕ್ಷೆ ಕೊಟ್ಟರು. ಅಲೆಯ ಒಟ್ಟು ಶಕ್ತಿ ಅದರ ಸ್ವಂತ ತಾಳದೊಡನೆ ಏರುತ್ತದೆಯೋ ಇಳಿಯುತ್ತದೆಯೋ ಎಂದು ನಕ್ಷೆ ಬರೆದು ನೋಡಿದರೆ ಸಾಕು. ಉರುಳುವ ಜಾತಿಯ ಅಪಾಯವನ್ನು ಅದು ಹೇಳುತ್ತದೆ. ಗ್ಯಾಪ್ ಸಾಲಿಟನ್‌ಗಳ ಮಟ್ಟಿಗೆ ಮಾತ್ರ ಈ ಪರೀಕ್ಷೆ ಸಾಲದು. ನಿಷೇಧದ ಪಟ್ಟಿಯ ಒಂದು ಭಾಗದಲ್ಲಿ ಅವು ಸ್ಥಿರ, ಇನ್ನೊಂದು ಭಾಗದಲ್ಲಿ ಜೋಕಾಲಿಯಂತೆ ತೂಗಿ ಒಡೆಯುತ್ತವೆ ಎಂದು ಬರಶೆಂಕೋವ್ ಮತ್ತು ಸಂಗಡಿಗರು 1998ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅಲ್ಲಿಯವರೆಗೆ ಅವುಗಳನ್ನು ಸ್ಥಿರವೆಂದೇ ಬಗೆದವರು ಕಡಿಮೆ ಇರಲಿಲ್ಲ.

ಇನ್ನೊಂದು ಅಪಾಯ ಸೆಳೆತ ಮಿತಿ ಮೀರುವುದು. ಜಾತ್ರೆಯ ಗುಂಪು ರಸ್ತೆಯ ಮೇಲಿದ್ದಾಗ ಜನ ಬರುವುದು ಹಿಂದು ಮುಂದಿನಿಂದ ಮಾತ್ರ. ಬಯಲಿನಲ್ಲಾದರೆ ನಾಲ್ಕು ದಿಕ್ಕಿನಿಂದಲೂ ನುಗ್ಗುತ್ತಾರೆ, ನಡುವೆ ಇದ್ದವರು ನಲುಗುತ್ತಾರೆ. ಬೆಳಕೂ ಹಾಗೆಯೇ. ಒಂದು ಆಯಾಮದಲ್ಲಿ ಚೆನ್ನಾಗಿ ನಿಲ್ಲುವ ಸಾಲಿಟನ್, ಎರಡು ಆಯಾಮಗಳಿಗೆ ಬಂದಾಗ ಸಾಧಾರಣ ಗಾಜಿನಲ್ಲಿ ಒಂದೋ ಚದುರುತ್ತದೆ, ಇಲ್ಲವೆ ತನ್ನೊಳಗೇ ಕುಸಿದು ಗಾಜನ್ನೇ ಹಾಳುಮಾಡಬಹುದು. ಪೊಲೀಸರು ಬಯಲಿನಲ್ಲಿ ಗಳುಗಳನ್ನು ಕಟ್ಟಿ ಅಂಕಣಗಳನ್ನು ಮಾಡುವುದು ಏಕೆ? ಜನ ಅಂಕಣಗಳಲ್ಲಿ ಹಂಚಿಕೊಂಡು ನಿಂತರೆ ಒಂದೇ ಕಡೆ ನೂಕುನುಗ್ಗಲಾಗುವುದಿಲ್ಲ. ಆವರ್ತಕ ಮಾಧ್ಯಮದ ಸಾಲುಗಳು ಮಾಡುವ ಕೆಲಸವೂ ಅದೇ. 2003ರಲ್ಲಿ ಫ್ಲೈಶರ್, ಸೆಗೆವ್ ಮತ್ತಿತರರು ಬೆಳಕಿನಿಂದಲೇ ಹೆಣೆದ ಎರಡು ಆಯಾಮದ ಜಾಲದಲ್ಲಿ ಇಂಥ ಅಲೆ ನಿಂತದ್ದನ್ನು ಕಂಡರು.

ತಳ್ಳಿದರೆ ಹತ್ತಿರ ಬರುವ ಪರಮಾಣುಗಳು

ಎಲ್ಲಕ್ಕಿಂತ ವಿಚಿತ್ರವಾದದ್ದು ಬೆಳಕಿನದಲ್ಲ, ಪರಮಾಣುಗಳದು. ಪರಮಾಣುವಿಗೂ ಅಲೆಯ ಗುಣವಿದೆ. 1924ರಲ್ಲಿ ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸ್ ಬರೆದ ಲೇಖನದಿಂದ ಹುಟ್ಟಿದ ವಿಚಾರವೊಂದಿದೆ: ಅತಿ ಶೀತದಲ್ಲಿ ಸಾವಿರಾರು ಪರಮಾಣುಗಳು ಒಂದೇ ಅಲೆಯಂತೆ ವರ್ತಿಸಬೇಕು. 1995ರಲ್ಲಿ ಅಮೆರಿಕದಲ್ಲಿ ಅದು ಪ್ರಯೋಗದಲ್ಲಿ ಸಿದ್ಧವಾಯಿತು. ಈಗ ರಾಮನ್ ಮತ್ತು ನಾಥ್ ಅವರ ಪ್ರಯೋಗವನ್ನು ತಿರುವುಮುರುವು ಮಾಡಿ. ಅಲ್ಲಿ ದ್ರವ್ಯದ ಸಾಲುಗಳ ಮೂಲಕ ಬೆಳಕು ಹೋಗಿತ್ತು, ಇಲ್ಲಿ ಎದುರುಬದುರಾದ ಎರಡು ಲೇಸರ್ ಕಿರಣಗಳು ಬೆಳಕಿನ ಸಾಲುಗಳನ್ನು ಹೆಣೆಯುತ್ತವೆ, ಅದರ ಮೂಲಕ ದ್ರವ್ಯದ ಅಲೆ ಹೋಗುತ್ತದೆ. ಈ ಪ್ರಯೋಗ ಮಾಡುವವರು ಇಂದಿಗೂ ತಮ್ಮ ಲೆಕ್ಕದ ಒಂದು ಭಾಗವನ್ನು 'ರಾಮನ್-ನಾಥ್ ವಲಯ' ಎಂದೇ ಕರೆಯುತ್ತಾರೆ.

2004ರಲ್ಲಿ ಜರ್ಮನಿಯ ಕಾನ್‌ಸ್ಟಾನ್ಸ್‌ನಲ್ಲಿ ಒಬರ್‌ಟಾಲರ್ ಅವರ ತಂಡ ಇಂಥ ಸಾಲಿನಲ್ಲಿ ರುಬಿಡಿಯಂ ಪರಮಾಣುಗಳನ್ನು ಇಟ್ಟಿತು. ಈ ಪರಮಾಣುಗಳು ಒಂದನ್ನೊಂದು ತಳ್ಳುತ್ತವೆ, ಆದ್ದರಿಂದ ಗುಂಪು ಸಿಡಿದು ಹೋಗಬೇಕು. ಆದರೆ ನಿಷೇಧದ ಪಟ್ಟಿಯ ಅಂಚಿನಲ್ಲಿ ಅಲೆಯ ನಡೆ ತಲೆಕೆಳಗಾಗುತ್ತದೆ, ಮುಂದೆ ತಳ್ಳಿದರೆ ಹಿಂದೆ ಸರಿಯುತ್ತದೆ, ಅದರ ತೂಕವೇ ಋಣವಾದಂತೆ! ಹೀಗಾಗಿ ತಳ್ಳಾಟವೇ ಸೆಳೆತದ ಕೆಲಸ ಮಾಡಿತು. ಸುಮಾರು 250 ಪರಮಾಣುಗಳ ಒಂದು ಗುಂಪು ಚದುರದೆ ನಿಂತಿತು. ಸಾಲುಗಳಿಲ್ಲದಿದ್ದರೆ ಇದು ಸಾಧ್ಯವೇ ಇರಲಿಲ್ಲ.

ಇದರಿಂದ ಏನು ಉಪಯೋಗ ಎಂದು ತಂದೆತಾಯಂದಿರು ಕೇಳುವುದು ಸಹಜ. ಹಳ್ಳಿಗಳವರೆಗೆ ಬಂದಿರುವ ಆಪ್ಟಿಕಲ್ ಫೈಬರಿನಲ್ಲಿ ಬೆಳಕಿನ ತುಣುಕುಗಳೇ ಸುದ್ದಿ ಒಯ್ಯುತ್ತವೆ, ಅವು ಚದುರಿದರೆ ಸುದ್ದಿ ಕಲಸಿಹೋಗುತ್ತದೆ. ಫೈಬರಿನಲ್ಲಿ ಸಾಲಿಟನ್ ಸಾಧ್ಯವೆಂದು ಹಾಸೆಗಾವಾ ಮತ್ತು ಟ್ಯಾಪರ್ಟ್ 1973ರಲ್ಲಿ ಹೇಳಿದರು, ಮಾಲೆನಾವರ್ ಮತ್ತು ಸಂಗಡಿಗರು 1980ರಲ್ಲಿ ಕಂಡರು. 1988ರಲ್ಲಿ ಮಾಲೆನಾವರ್ ಮತ್ತು ಸ್ಮಿತ್ 4000 ಕಿಲೋಮೀಟರಿಗಿಂತ ದೂರ ಸಾಲಿಟನ್ ಕಳಿಸಿದರು. ದಾರಿಯಲ್ಲಿ ಸೊರಗುವ ಬೆಳಕಿಗೆ ಸಮಾನ ಅಂತರದಲ್ಲಿ ಮತ್ತೆ ಮತ್ತೆ ಕಸುವು ತುಂಬಿದ್ದು ಯಾವುದರಿಂದ ಗೊತ್ತೆ? 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡ ರಾಮನ್ ಪರಿಣಾಮದಿಂದ. ಇಂದಿನ ಸಾಮಾನ್ಯ ಫೈಬರ್ ಜಾಲ ಸಾಲಿಟನ್‌ಗಳನ್ನೇ ನೆಚ್ಚಿಕೊಂಡಿಲ್ಲ, ಅದಕ್ಕೆ ಬೇರೆ ಅಗ್ಗದ ಉಪಾಯಗಳು ಸಿಕ್ಕಿವೆ ಎಂಬುದನ್ನೂ ಹೇಳಬೇಕು. ಉಪಯೋಗ ಕೇಳಿದವರಿಗೆ ಇಲ್ಲದ್ದನ್ನು ಸೇರಿಸಿ ಹೇಳಬಾರದು.

ಮನೆಯಲ್ಲಿ ನೋಡಲು ಲೇಸರ್ ಬೇಕಿಲ್ಲ. ಎರಡು ಮೊಳೆಗಳ ನಡುವೆ ಒಂದು ಹುರಿಯನ್ನು ಅಡ್ಡಲಾಗಿ ಬಿಗಿದು, ಅದಕ್ಕೆ 25 ಸೆಂಟಿಮೀಟರ್ ದಾರದಲ್ಲಿ ಒಂದೇ ತೂಕದ ಎರಡು ನಟ್ಟುಗಳನ್ನು ಒಂದು ಗೇಣು ಅಂತರದಲ್ಲಿ ಇಳಿಬಿಡಿ. ಒಂದೊಂದು ತೂಗಿಗೂ ಸುಮಾರು ಒಂದು ಸೆಕೆಂಡು. ಒಂದನ್ನು ಹುರಿಗೆ ಅಡ್ಡವಾಗಿ ಸ್ವಲ್ಪವೇ ಎಳೆದು ಬಿಟ್ಟರೆ, ಅದರ ತೂಗಾಟ ಮೆಲ್ಲಗೆ ನೆರೆಯದಕ್ಕೆ ಹೋಗಿ, ಮೊದಲನೆಯದು ನಿಂತೇಬಿಡುತ್ತದೆ. ಆಮೇಲೆ ಮತ್ತೆ ಹಿಂದಕ್ಕೆ ಬರುತ್ತದೆ. ಈ ವರ್ಗಾವಣೆಗೆ ಮೂವತ್ತು ನಲವತ್ತು ತೂಗು ಹಿಡಿಯುವವರೆಗೆ ಹುರಿಯನ್ನು ಬಿಗಿ ಮಾಡುತ್ತ ಹೋಗಬೇಕು.

ಈಗ ಅದನ್ನು 60 ಡಿಗ್ರಿಯಷ್ಟು ಮೇಲೆತ್ತಿ ಬಿಡಿ. ಲೋಲಕದ ಕಾಲ ತೂಗಿನ ಅಗಲವನ್ನು ಅವಲಂಬಿಸಿಲ್ಲ ಎಂದು ಪಠ್ಯಪುಸ್ತಕ ಹೇಳುವುದು ಸಣ್ಣ ತೂಗಿಗೆ ಮಾತ್ರ. 60 ಡಿಗ್ರಿಯಲ್ಲಿ ಅದು ಶೇಕಡ 7ರಷ್ಟು ನಿಧಾನ. ಆದ್ದರಿಂದ ನೆರೆಯದರೊಡನೆ ತಾಳ ತಪ್ಪುತ್ತದೆ. ನೆರೆಯ ನಟ್ಟು ಸ್ವಲ್ಪ ಅಲುಗಾಡಿ ಸುಮ್ಮನಾಗುತ್ತದೆ, ಮತ್ತೆ ಸ್ವಲ್ಪ ಅಲುಗಾಡುತ್ತದೆ, ಶಕ್ತಿಯ ಬಹುಪಾಲು ಮೊದಲನೆಯದರಲ್ಲೇ ಉಳಿಯುತ್ತದೆ. ಬೆಳಕಿನ ಕಾಲುವೆಗಳಲ್ಲಿ ನಡೆದದ್ದೂ ಇದೇ. ಹೊರಗಿನಿಂದ ತೂಗುತ್ತ ಇಟ್ಟ ಲೋಲಕಗಳ ಉದ್ದನೆಯ ಸಾಲಿನಲ್ಲಿ ಇಂಥ ಒಂಟಿ ಕಂಪನ ನಿಲ್ಲುವುದನ್ನು 2009ರಲ್ಲಿ ಅಮೆರಿಕ ಮತ್ತು ಸ್ಪೇನಿನ ವಿಜ್ಞಾನಿಗಳು ಅಳೆದು ಪ್ರಕಟಿಸಿದ್ದಾರೆ. ಮನೆಯ ನಟ್ಟಿಗೆ ಹೊರಗಿನ ಆಸರೆಯಿಲ್ಲ, ಗಾಳಿಯ ತಡೆಯಿಂದ ತೂಗು ಕುಗ್ಗುತ್ತದೆ, ಒಂದು ಹಂತದಲ್ಲಿ ತಾಳ ಮತ್ತೆ ಕೂಡಿ ಶಕ್ತಿಯೆಲ್ಲ ಪಕ್ಕಕ್ಕೆ ಹರಿಯುತ್ತದೆ. ಗೋಡೆಗೆ ಒಂದು ಕೋನಮಾಪಕ ಅಂಟಿಸಿ, ಎಷ್ಟು ಡಿಗ್ರಿಗೆ ಇಳಿದಾಗ ಹಾಗಾಯಿತು, ಅದು ಎಷ್ಟನೆಯ ತೂಗು ಎಂಬುದನ್ನು ಬರೆದಿಟ್ಟುಕೊಂಡು, ಹುರಿಯನ್ನು ಇನ್ನಷ್ಟು ಬಿಗಿದು ಮತ್ತೊಮ್ಮೆ ಎಣಿಸಬೇಕು.